ಊಟ ಆತಾ ಅಂತ ಯಾರೂ ಕೇಳದ ಊರು

(ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು. ಬರೆಯುವಾಗ ಒಂದಿಷ್ಟು ಸೇರಿಸಿದ್ದೇನೆ, ಒಂದಿಷ್ಟು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೈಕ್ ಕೊಡುವ ಮುಂಚೆ ನಿಮ್ಮ ಮೇಡಂ ನನ್ನ ಕಿವಿಯಲ್ಲಿ, "ಸ್ವಲ್ಪ ಮೋಟಿವೇಶನಲ್ ಆಗಿ ಮಾತಾಡಿ" ಅಂದರು. ಆಗ ಹೂಂ ಅಂದೆ. ಈಗ ನಿಮ್ಮ ಮುಖ ನೋಡಿದರೆ ಬೇಡ ಅನ್ನಿಸುತ್ತಿದೆ. ಊಟದ ನಂತರದ ಮೊದಲ ಪೀರಿಯಡ್ಡು ಇದು. ಹಿಂದಿನ ಬೆಂಚಿನಲ್ಲಿ ಇಬ್ಬರು ಆಗಲೇ ನಿದ್ದೆಗೆ ಜಾರಿದ್ದಾರೆ. ಅವರನ್ನು ಎಬ್ಬಿಸಬೇಡಿ. ನಾನು ನನ್ನ ಕಥೆ ಹೇಳುತ್ತೇನೆ.

ನಾನು ನಿಟ್ಟುವಳ್ಳಿಯವನು. ನಮ್ಮಜ್ಜ ಇಲ್ಲಿಯ ಕಾಟನ್ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ಅಪ್ಪ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಮೆಕ್ಯಾನಿಕಲ್ ಓದಿ, 2022ರ ಅಕ್ಟೋಬರ್‌ನಲ್ಲಿ ಎಂ.ಎಸ್ಸಿ. ಮಾಡಲು ಜರ್ಮನಿಗೆ ಹೋದೆ. ಊರಿನ ಹೆಸರು ಕೆಮ್ನಿಟ್ಸ್. ದೇಶದ ಪೂರ್ವ ಭಾಗದ ಸಾಕ್ಸನಿ ರಾಜ್ಯದಲ್ಲಿದೆ. ಸುಮಾರು ಎರಡೂವರೆ ಲಕ್ಷ ಜನ, ಅಂದರೆ ನಮ್ಮ ದಾವಣಗೆರೆಗಿಂತ ಚಿಕ್ಕದು.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಇಲ್ಲದಿದ್ದರೆ ಕೊನೆಗೆ ಎಲ್ಲರೂ ಅದನ್ನೇ ಕೇಳುತ್ತೀರಿ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥವರಿಗೆ ಸೆಮೆಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿಯೂ 2024ರಿಂದ ಹೊಸಬರ ಹತ್ತಿರ ತೆಗೆದುಕೊಳ್ಳುತ್ತಿದೆ. ಆದರೆ ಫೀ ಇಲ್ಲ ಅಂದ ಮಾತ್ರಕ್ಕೆ ಖರ್ಚಿಲ್ಲ ಅಂತಲ್ಲ. ವೀಸಾ ಕೊಡುವ ಮುಂಚೆ ಒಂದು ವರ್ಷದ ಜೀವನಕ್ಕೆ ಆಗುವಷ್ಟು ದುಡ್ಡನ್ನು ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ಇಟ್ಟು ತೋರಿಸಬೇಕು. ನಾನು ಹೋದಾಗ 10,332 ಯೂರೋ ಇತ್ತು. ರೂಪಾಯಿ ಲೆಕ್ಕದಲ್ಲಿ ಎಂಟು ಲಕ್ಷ ದಾಟಿತ್ತು. 2024ರ ಸೆಪ್ಟೆಂಬರ್‌ನಿಂದ ಅದು 11,904 ಆಗಿದೆ. ನಿಮ್ಮದೇ ದುಡ್ಡನ್ನು ತಿಂಗಳಿಗೆ 992ರಂತೆ ನಿಮಗೇ ವಾಪಸ್ ಕೊಡುತ್ತಾರೆ. ಅವ್ವನಿಗೆ ಇದನ್ನು ವಿವರಿಸಿದಾಗ, "ಹಂಗಾದ್ರ ಚೀಟಿ ಹಾಕಿದಂಗೆ" ಅಂದಳು. ಸರಿಯಾಗಿಯೇ ಹೇಳಿದಳು. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕಿನವರು ಅಡಮಾನ ಕೇಳುತ್ತಾರೆ. ಹಾಗಾಗಿ ಮನೆ ಪತ್ರ ಬ್ಯಾಂಕಿಗೆ ಹೋಯಿತು. ಅದು ಇನ್ನೂ ಅಲ್ಲೇ ಇದೆ.

ಇನ್ನೊಂದು ಮಾತು. ನಮ್ಮ ಅಪ್ಪನಿಗೆ ಸಿಕ್ಕ ಒಬ್ಬ ಏಜೆಂಟರು ನನ್ನನ್ನು ಲಕ್ಷಗಟ್ಟಲೆ ಫೀ ಇರುವ ಪ್ರೈವೇಟ್ ಕಾಲೇಜಿಗೆ ಸೇರಿಸಲು ಬಹಳ ಒದ್ದಾಡಿದರು. ಡಾಡ್ ಅಂತ ಜರ್ಮನ್ ವಿದ್ಯಾರ್ಥಿ ವಿನಿಮಯ ಸಂಸ್ಥೆ ಇದೆ. ಅವರ ವೆಬ್‌ಸೈಟಿನಲ್ಲಿ ಯಾವ ಊರಲ್ಲಿ ಯಾವ ಕೋರ್ಸು, ಯಾವ ಭಾಷೆಯಲ್ಲಿ ಪಾಠ, ಎಷ್ಟು ಫೀ, ಎಲ್ಲ ಪುಕ್ಕಟೆ ಸಿಗುತ್ತದೆ. ಎರಡು ರಾತ್ರಿ ಕೂತು ನೋಡಿ, ಸಾಕು.

ಸರಿ, ಈಗ ಊರಿಗೆ ಬರೋಣ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು ಅನ್ನೋದು ನಿಮಗೆ ಗೊತ್ತು. ಕೆಮ್ನಿಟ್ಸ್‌ಗೆ ಹೋದ ವಾರವೇ ಒಂದು ಕೈಪಿಡಿಯಲ್ಲಿ ಓದಿದೆ: ಆ ಊರಿಗೆ 'ಸಾಕ್ಸನಿಯ ಮ್ಯಾಂಚೆಸ್ಟರ್' ಅನ್ನೋ ಹೆಸರಿತ್ತಂತೆ! ಹತ್ತಿ ನೂಲು, ಬಟ್ಟೆ, ನೇಯ್ಗೆಯ ಯಂತ್ರ, ಎಲ್ಲ ಅಲ್ಲಿ ಆಗುತ್ತಿತ್ತು. 1953ರಿಂದ 1990ರವರೆಗೆ ಅದರ ಹೆಸರೇ ಕಾರ್ಲ್-ಮಾರ್ಕ್ಸ್-ಸ್ಟಾಟ್. ಎರಡು ಜರ್ಮನಿ ಒಂದಾದ ಮೇಲೆ ಹಳೆಯ ಕಾರ್ಖಾನೆಗಳು ಒಂದರ ಹಿಂದೆ ಒಂದು ಮುಚ್ಚಿದವು. ಹುಡುಗರು ಪಶ್ಚಿಮಕ್ಕೆ ಹೋದರು. ವಯಸ್ಸಾದವರು ಉಳಿದರು. ಕೇಳಿದ ಕಥೆ ಅನ್ನಿಸುತ್ತಿಲ್ಲವಾ?

ಊರ ನಡುವೆ ಮಾರ್ಕ್ಸ್‌ನ ತಲೆ ಇದೆ. ಬರೀ ತಲೆ. ಕಂಚಿನದು, ಏಳು ಮೀಟರ್ ಎತ್ತರ, 1971ರಲ್ಲಿ ನಿಲ್ಲಿಸಿದ್ದು. ನಮ್ಮಜ್ಜ ಇಲ್ಲಿಯ ಕಾರ್ಮಿಕ ನಾಯಕ ಕಾಮ್ರೇಡ್ ಪಂಪಾಪತಿಯವರ ಹಿಂದೆ ಕೆಂಪು ಬಾವುಟ ಹಿಡಿದು ಓಡಾಡಿದ ಮನುಷ್ಯ. ಖುಷಿಪಡಲಿ ಅಂತ ಫೋಟೋ ಕಳಿಸಿದೆ. ಅಜ್ಜ ಫೋನಿನಲ್ಲಿ, "ಬರೇ ತಲಿ ಇಟ್ಟಾರಲ್ಲೋ! ಮೈ ಎಲ್ಲಿ ಹೋತು?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಜ್ಜನ ಪ್ರಶ್ನೆಗಳೇ ಹಾಗೆ.

ವಿಶ್ವವಿದ್ಯಾಲಯದ ಲೈಬ್ರರಿ ಇರುವುದು ಒಂದು ಹಳೇ ನೂಲಿನ ಗಿರಣಿಯಲ್ಲಿ. 1850ರ ದಶಕದಲ್ಲಿ ಕಟ್ಟಿದ ಕಟ್ಟಡ. ಅದನ್ನು ರಿಪೇರಿ ಮಾಡಿ, ಒಳಗೆ ಕಪಾಟು ಜೋಡಿಸಿ, 2020ರಲ್ಲಿ ಲೈಬ್ರರಿ ಮಾಡಿದರು. ನಾನು ಎರಡು ವರ್ಷಕ್ಕೂ ಜಾಸ್ತಿ ಕಾಲ ಅಲ್ಲಿ ಕೂತು ಓದಿದ್ದೇನೆ. ಅಜ್ಜ ಗಿರಣಿಯಲ್ಲಿ ನಿಂತು ಕೆಲಸ ಮಾಡಿದರು, ಮೊಮ್ಮಗ ಗಿರಣಿಯಲ್ಲಿ ಕೂತು ಓದಿದ. ಇದನ್ನು ಅಪ್ಪ ಎಲ್ಲರ ಹತ್ತಿರವೂ ಹೇಳಿಕೊಂಡು ಬಂದರು. ನಮ್ಮೂರಿನ ಮಿಲ್ಲಿನ ಜಾಗಗಳಲ್ಲಿ ಈಗ ಏನೇನಿದೆ ಅಂತ ನೀವೇ ಒಂದು ಸಂಜೆ ಸುತ್ತಿ ನೋಡಿ.

ಹೋಗುವ ಮುಂಚೆ ಎಲ್ಲರೂ ನನ್ನನ್ನು ಹೆದರಿಸಿದ್ದು ಮೂರು ವಿಷಯಕ್ಕೆ: ಚಳಿ, ಊಟ, ಭಾಷೆ. ಚಳಿಗೆ ಜಾಕೆಟ್ ಸಿಗುತ್ತದೆ. ಊಟದ ಬಗ್ಗೆ ಜಾಸ್ತಿ ಹೇಳಲ್ಲ. ಬೆಣ್ಣೆ ದೋಸೆ ನೆನಪಾಗುತ್ತಿತ್ತಾ ಅಂತ ಕೇಳುವವರಿಗೆ ಹೇಳುತ್ತೇನೆ, ಅದಕ್ಕಿಂತ ಸಂಜೆ ಐದು ಗಂಟೆಗೆ ಮಂಡಕ್ಕಿ ಮಿರ್ಚಿ ನೆನಪಾಗುತ್ತಿತ್ತು. ಅಲ್ಲಿ ಮಂಡಕ್ಕಿ ಸಿಗುತ್ತದೆ, ಆದರೆ ಅದಕ್ಕೆ ಸಕ್ಕರೆ ಬಳಿದಿರುತ್ತಾರೆ. ಕ್ಷಮಿಸಲು ಆಗದ ತಪ್ಪು.

ಭಾಷೆಯ ವಿಷಯ ಕೇಳಿ. ಜರ್ಮನಿಗೆ ಹೋಗಿ ನಾನು ಮೊದಲು ಕಲಿತ ಭಾಷೆ ತೆಲುಗು. ತಮಾಷೆ ಅಲ್ಲ. ಈಗ ಜರ್ಮನಿಯಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತದವರೇ ಎಲ್ಲರಿಗಿಂತ ಜಾಸ್ತಿ. 2023-24ರಲ್ಲಿ ಸುಮಾರು 49 ಸಾವಿರ ಜನ ಇದ್ದರು. ಹಾಸ್ಟೆಲ್ಲಿನಲ್ಲಿ ನನ್ನ ಜೊತೆ ಇದ್ದ ಮೂವರೂ ತೆಲುಗು ಹುಡುಗರು. ಬಹಳ ಒಳ್ಳೆಯವರು. ಮೊದಲ ದಿನವೇ ಅನ್ನ ಪಪ್ಪು ಹಾಕಿದರು. ಪಾಠ ಇಂಗ್ಲಿಷಿನಲ್ಲಿ, ಅಡುಗೆಮನೆ ತೆಲುಗಿನಲ್ಲಿ, ಅಂಗಡಿಯಲ್ಲಿ ಮಷಿನ್ನಿಗೆ ಕಾರ್ಡ್ ತೋರಿಸಿದರೆ ಮುಗಿಯಿತು. ಮೂರು ತಿಂಗಳು ಒಬ್ಬ ಜರ್ಮನ್ ಮನುಷ್ಯನ ಜೊತೆ ಹತ್ತು ನಿಮಿಷ ಮಾತಾಡದೆ ಜರ್ಮನಿಯಲ್ಲಿ ಬದುಕಿದೆ. ಹಾಗೆ ಬದುಕಲು ಆಗುತ್ತದೆ ಅನ್ನೋದೇ ಅಪಾಯ. ಅದರ ಬಿಲ್ಲು ಜನವರಿಯಲ್ಲಿ ಬಂತು.

ಇಲ್ಲಿ ಪರೀಕ್ಷೆ ಹೇಗೆ ನಡೆಯುತ್ತದೆ? ಫಾರಂ ತುಂಬಿ ಅಂತ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ. ಕ್ಲಾಸಿಗೆ ಬಂದು ಹೇಳುತ್ತಾರೆ. ವಾಟ್ಸಾಪ್ ಗ್ರೂಪಿನಲ್ಲಿ ಹಾಕುತ್ತಾರೆ. ಆದರೂ ತುಂಬದೆ ಉಳಿದ ಇಬ್ಬರಿಗೆ ಆಫೀಸಿನಿಂದ ಫೋನ್ ಬರುತ್ತದೆ. ಹಾಜರಿ ಕಮ್ಮಿ ಆದರೆ ಮನೆಗೇ ಫೋನು. ಅಲ್ಲಿ ನಮ್ಮ ಯಾವ ಕ್ಲಾಸಿನಲ್ಲೂ ಹಾಜರಿ ಕರೆಯಲಿಲ್ಲ. ಬಂದರೆ ಬಾ, ಬಿಟ್ಟರೆ ಬಿಡು. ಪಾಠ ಮುಗಿದಾಗ ಎಲ್ಲರೂ ಬೆರಳ ಗೆಣ್ಣಿನಿಂದ ಡೆಸ್ಕು ಕುಟ್ಟುತ್ತಾರೆ. ಅದು ಅವರ ಚಪ್ಪಾಳೆ. ಮೊದಲ ದಿನ ನಾನು ಗಲಾಟೆ ಶುರುವಾಯ್ತು ಅಂದುಕೊಂಡು ಬ್ಯಾಗ್ ಎತ್ತಿಕೊಂಡಿದ್ದೆ.

ಪರೀಕ್ಷೆ ಬರೆಯಬೇಕಾದರೆ ಪ್ರತಿಯೊಂದು ವಿಷಯಕ್ಕೂ ನೀವೇ ಪೋರ್ಟಲ್‌ಗೆ ಹೋಗಿ ಹೆಸರು ನೋಂದಾಯಿಸಬೇಕು. ಅದಕ್ಕೆ ಒಂದು ಕೊನೆ ದಿನ ಇರುತ್ತದೆ. ನನಗೆ ಮೇಲ್ ಬಂದಿತ್ತು. ಅದರಲ್ಲಿ 'ಆನ್‌ಮೆಲ್ಡುಂಗ್' ಅನ್ನೋ ಪದ ಕಾಣಿಸಿತು. ಆನ್‌ಮೆಲ್ಡುಂಗ್ ಅಂದರೆ ನೋಂದಣಿ. ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು, ಅದಕ್ಕೂ ಇದೇ ಪದ. "ಇದನ್ನು ಅಕ್ಟೋಬರ್‌ನಲ್ಲೇ ಮಾಡಿಸಿದ್ದೀನಲ್ಲ" ಅಂತ ಮೇಲ್ ಮುಚ್ಚಿದೆ. ಅದರ ಹಿಂದೆ ಅಂಟಿಕೊಂಡಿದ್ದ 'ಪ್ರ್ಯೂಫುಂಗ್' ಅಂದರೆ ಪರೀಕ್ಷೆ ಅಂತ ತಿಳಿಯುವ ಹೊತ್ತಿಗೆ ಕೊನೆ ದಿನ ದಾಟಿ ನಾಲ್ಕು ದಿನ ಆಗಿತ್ತು. ಎರಡು ಪೇಪರ್ ಹೋದವು. ತಪ್ಪು ಯಾರದ್ದೂ ಅಲ್ಲ, ನನ್ನದೇ. ನಾಲ್ಕು ಸೆಮೆಸ್ಟರಿನ ಕೋರ್ಸು ನನಗೆ ಐದು ಸೆಮೆಸ್ಟರ್ ಆಗಿದ್ದು ಹೀಗೆ.

ತೆಲುಗು ಹುಡುಗರು ಮೂವರೂ ನೋಂದಾಯಿಸಿದ್ದರು. "ಯಾಕೆ ಹೇಳಲಿಲ್ಲ?" ಅಂತ ಜಗಳಕ್ಕೆ ಹೋದೆ. "ನೀನು ಕೇಳಲಿಲ್ಲ" ಅಂದರು.

ಪ್ರೊಫೆಸರ್ ಹತ್ತಿರ ಹೋಗಿ ಹೇಳಿಕೊಳ್ಳೋಣ ಅಂತ ಅನ್ನಿಸಿತು. ಅಲ್ಲಿ ಪ್ರೊಫೆಸರುಗಳು ವಾರಕ್ಕೆ ಒಂದು ಗಂಟೆ ಬಾಗಿಲು ತೆರೆದು ಕೂರುತ್ತಾರೆ, ವಿದ್ಯಾರ್ಥಿಗಳ ಜೊತೆ ಮಾತಾಡಲು. ಹೋದೆ. ಕೂರಿಸಿದರು. "ನಿಮ್ಮ ಪ್ರಶ್ನೆ ಏನು?" ಅಂದರು. ನನ್ನ ಬಾಯಲ್ಲಿ ಬಂದಿದ್ದು: "ಪ್ರಶ್ನೆ ಏನಿಲ್ಲ ಸರ್, ಸುಮ್ನೆ ನೋಡಿ ಹೋಗೋಣ ಅಂತ ಬಂದೆ."

ನೀವು ನಗುತ್ತೀರಿ. ಆದರೆ ನಾವು ಸಾಲ ಕೇಳಲು ಹೋದರೂ ಹೀಗೇ ಶುರು ಮಾಡುವುದು, ಅಲ್ವಾ? ಸುಮ್ನೆ ಹಂಗೆ ಬಂದೆ. ಎದುರಿಗಿದ್ದವರು ಕುಡಿಯಲು ನೀರು ಕೊಡುತ್ತಾರೆ, ಮನೆಯವರನ್ನೆಲ್ಲ ವಿಚಾರಿಸುತ್ತಾರೆ, ಆಮೇಲೆ ಅವರೇ "ಏನೋ ಇರಬೇಕು, ಹೇಳು" ಅನ್ನುತ್ತಾರೆ. ಆ ಪ್ರೊಫೆಸರ್ ಹಾಗೆ ಅನ್ನಲಿಲ್ಲ. ಗೋಡೆಯ ಗಡಿಯಾರ ನೋಡಿದರು. ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ನಿಜವಾಗಲೂ ಅವರಿಗೆ ಅರ್ಥ ಆಗಿರಲಿಲ್ಲ. ಐದು ನಿಮಿಷದಲ್ಲಿ ಹೊರಗೆ ಬಂದೆ. ಹೊರಗೆ ಹಿಮ ಬೀಳುತ್ತಿತ್ತು. ಸಿನಿಮಾದಲ್ಲಿ ಚೆಂದ ಕಾಣುತ್ತದೆ ಅದು.

ಆ ರಾತ್ರಿ ಅವ್ವ ಫೋನ್ ಮಾಡಿ, ಎಂದಿನಂತೆ "ಊಟ ಆತಾ?" ಅಂದಳು. ಆಗ ಹೊಳೆಯಿತು. ಇಪ್ಪತ್ತೆರಡು ವರ್ಷ ನಾನು ಯಾರನ್ನೂ ಏನನ್ನೂ ಕೇಳಿದವನಲ್ಲ. ಕೇಳುವ ಮುಂಚೆಯೇ ಯಾರೋ ನನ್ನನ್ನು ಕೇಳಿರುತ್ತಿದ್ದರು. ಊಟ ಆತಾ, ಫಾರಂ ತುಂಬಿದ್ಯಾ, ಯಾಕೋ ಮುಖ ಬಾಡೇತಿ. ದಾರಿಯಲ್ಲಿ ಸಿಕ್ಕ ಮೂರನೇ ಮನೆಯವರೂ ಕೇಳುತ್ತಾರೆ. ನಮಗೆ ಅದು ಕಿರಿಕಿರಿ. ಅಲ್ಲಿ ಯಾರೂ ಕೇಳಲ್ಲ. ನಿಮ್ಮ ವಿಷಯ ನಿಮ್ಮದು ಅಂತ ಬಿಡುವುದೇ ಅವರ ಮರ್ಯಾದೆ. ನಾನದನ್ನು ತಾತ್ಸಾರ ಅಂದುಕೊಂಡಿದ್ದೆ.

ಕನ್ನಡದಲ್ಲಿ 'ಕೇಳು' ಅಂದರೆ ಪ್ರಶ್ನೆ ಹಾಕುವುದೂ ಹೌದು, ಕಿವಿಗೊಡುವುದೂ ಹೌದು, ಬೇಕು ಅಂತ ಕೈ ಚಾಚುವುದೂ ಹೌದು. ನನಗೆ ಈ ಮೂರರಲ್ಲಿ ಒಂದೂ ಬರುತ್ತಿರಲಿಲ್ಲ.

ಮುಂದಿನ ವಾರ ಮತ್ತೆ ಅದೇ ಪ್ರೊಫೆಸರ್ ಬಾಗಿಲಿಗೆ ಹೋದೆ. ಚೀಟಿಯಲ್ಲಿ ಮೂರು ಪ್ರಶ್ನೆ ಬರೆದುಕೊಂಡಿದ್ದೆ. ಹನ್ನೆರಡು ನಿಮಿಷದಲ್ಲಿ ಮೂರಕ್ಕೂ ಉತ್ತರ ಬಂತು. ನಾಲ್ಕನೆಯದನ್ನು ಅವರೇ ಹೇಳಿದರು: ವಿದ್ಯಾರ್ಥಿ ನಿಲಯಗಳನ್ನು ನೋಡಿಕೊಳ್ಳುವ ಸಂಸ್ಥೆಯಲ್ಲಿ ಆಪ್ತ ಸಮಾಲೋಚನೆ ಇದೆ, ದುಡ್ಡು ತೆಗೆದುಕೊಳ್ಳುವುದಿಲ್ಲ, ಬೇಕಾದರೆ ಹೋಗಿ. ನನ್ನ ಮುಖ ಅವರಿಗೂ ಕಂಡಿತ್ತು ಅಂತಾಯಿತು. ಹೋದೆ. ಆರು ಸಲ ಹೋದೆ. ಇದನ್ನು ಇಲ್ಲಿ ಹೇಳುವುದಕ್ಕೆ ಸ್ವಲ್ಪ ಮುಜುಗರ ಆಗುತ್ತದೆ, ಆದರೆ ನಿಮ್ಮಲ್ಲಿ ಹೋಗುವವರಿಗೆ ಗೊತ್ತಿರಲಿ. ಡಿಸೆಂಬರ್‌ನಲ್ಲಿ ಅಲ್ಲಿ ಬೆಳಗಾಗುವುದು ಎಂಟಕ್ಕೆ, ಕತ್ತಲಾಗುವುದು ಸಂಜೆ ನಾಲ್ಕಕ್ಕೆ. ಆ ವರ್ಷ ಯುಕ್ರೇನ್ ಯುದ್ಧದಿಂದ ಗ್ಯಾಸಿನ ತಾಪತ್ರಯ ಬೇರೆ. ಸರ್ಕಾರಿ ಕಚೇರಿಗಳನ್ನು 19 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡಬಾರದು ಅಂತ ನಿಯಮ ಬಂದಿತ್ತು. ನಾನು ರಾತ್ರಿ ಒಂದು ಗೋಡೌನಿನಲ್ಲಿ ಪಾರ್ಸಲ್ ಜೋಡಿಸುವ ಕೆಲಸ ಮಾಡುತ್ತಿದ್ದೆ. ಗಂಟೆಗೆ 12 ಯೂರೋ, ಆಗಿನ ಕನಿಷ್ಠ ಕೂಲಿ. ಹಗಲು ಮಲಗಿ ಎದ್ದರೆ ಮತ್ತೆ ರಾತ್ರಿ. ಎಷ್ಟೋ ದಿನ ಸೂರ್ಯನ ಮುಖ ನೋಡಲಿಲ್ಲ.

ಆ ಕತ್ತಲಲ್ಲಿ ಒಂದು ಚೆಂದದ ಸಂಗತಿ ಇದೆ. ಊರಿನ ಪಕ್ಕದ ಬೆಟ್ಟಗಳಲ್ಲಿ ಹಿಂದೆ ಬೆಳ್ಳಿಯ ಗಣಿಗಳಿದ್ದವು. ಅಲ್ಲಿಯ ಜನ ಕ್ರಿಸ್‌ಮಸ್ ಮುಂಚಿನ ನಾಲ್ಕು ವಾರ ಕಿಟಕಿಯಲ್ಲಿ ಕಮಾನಿನ ಆಕಾರದ ದೀಪದ ಸಾಲು ಇಡುತ್ತಾರೆ. ಬೆಳಕು ಕಾಣದೆ ನೆಲದೊಳಗೆ ದುಡಿದವರ ನೆನಪಿಗೆ ಅನ್ನುತ್ತಾರೆ. ಬೀದಿಯ ಪ್ರತಿ ಕಿಟಕಿಯಲ್ಲೂ ಅದೇ ದೀಪ. ನಮ್ಮ ಕಾರ್ತಿಕ ಮುಗಿದ ಹೊತ್ತಿಗೆ ಅವರದ್ದು ಶುರುವಾಗುತ್ತದೆ.

ಎರಡನೇ ವರ್ಷ ಹಾಸ್ಟೆಲ್ ಬಿಟ್ಟು ಹಳೇ ಕಟ್ಟಡದ ಮೂರನೇ ಮಹಡಿಗೆ ಹೋದೆ. ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಮೊದಲ ವಾರ ಬಾಗಿಲಿಗೆ ಚೀಟಿ ಅಂಟಿಸಿದರು: ಪೇಪರನ್ನು ನೀಲಿ ಡಬ್ಬಕ್ಕೆ ಹಾಕಬೇಕು. ಎರಡನೇ ವಾರ ಇನ್ನೊಂದು ಚೀಟಿ: ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದು. ನಾವಾದರೆ ಗೇಟಿನ ಹತ್ತಿರ ನಿಂತು ನಾಲ್ಕು ಜನಕ್ಕೆ ಕೇಳುವ ಹಾಗೆ ಬೈದು, ಮಾರನೇ ದಿನ ಹೋಳಿಗೆ ಕೊಡುತ್ತೇವೆ. ಮೂರನೇ ಚೀಟಿ ಬರುವ ಮುಂಚೆ ನಾನೇ ಇಳಿದು ಹೋಗಿ ಬಾಗಿಲು ತಟ್ಟಿದೆ. ಹರಕುಮುರುಕು ಜರ್ಮನ್‌ನಲ್ಲಿ, ಹಳದಿ ಡಬ್ಬಕ್ಕೆ ಏನು ಹಾಕಬೇಕು ಅಂತ ಕೇಳಿದೆ. ಅಜ್ಜಿ ಅರ್ಧ ಗಂಟೆ ಪಾಠ ಮಾಡಿದರು. ಮುಂದಿನ ಭಾನುವಾರ ಕಾಫಿಗೆ ಕರೆದರು.

ಕೇಕ್ ತಟ್ಟೆ ಮುಂದೆ ಹಿಡಿದರು. ನಾನು "ಬೇಡ" ಅಂದೆ. ತಟ್ಟೆ ಹೊರಟುಹೋಯಿತು. ಅಷ್ಟೇ. ಎರಡನೇ ಸಲ ಕೇಳಲಿಲ್ಲ. ನಮ್ಮಲ್ಲಿ ಬೇಡ ಅನ್ನೋದು ಮಾತಿನ ಶುರು, ಅಲ್ಲಿ ಅದೇ ಕೊನೆ. ಕೇಕ್ ಬಹಳ ಚೆನ್ನಾಗಿತ್ತು ಅಂತ ಕಾಣುತ್ತದೆ. ಎದುರಿಗಿದ್ದವರು ಎರಡು ತುಂಡು ತಿಂದರು.

ಆ ಅಜ್ಜಿಯೇ ನನಗೆ ಜರ್ಮನ್ ಕಲಿಸಿದ್ದು. ಒಂದು ವಿಷಯ ಹೇಳುತ್ತೇನೆ, ನಿಮಗೆ ಧೈರ್ಯ ಬರಲಿ. ಇಂಗ್ಲಿಷಿನಲ್ಲಿ ಇಲ್ಲದ ಎರಡು ಸಂಗತಿ ಕನ್ನಡದಲ್ಲೂ ಇದೆ, ಜರ್ಮನ್‌ನಲ್ಲೂ ಇದೆ. ಒಂದು, ನೀನು-ನೀವು. ಅವರದ್ದು ಡು ಮತ್ತು ಜೀ. ಆದರೆ ಅಲ್ಲಿ 'ನೀನು' ಅನ್ನಲು ದೊಡ್ಡವರು ಅನುಮತಿ ಕೊಡಬೇಕು. ಅಜ್ಜಿ ಎಂಟು ತಿಂಗಳಾದ ಮೇಲೆ ಕೊಟ್ಟರು, ಕೈ ಕುಲುಕಿ. ನಾನೋ, ಅವ್ವನಿಗೆ ನೀನು ಅನ್ನುವವನು ಅಪ್ಪನಿಗೆ ಯಾಕೆ ನೀವು ಅನ್ನುತ್ತೇನೆ ಅಂತ ಅವರಿಗೆ ವಿವರಿಸಲು ಹೋಗಿ ಸೋತೆ. ಇನ್ನೊಂದು, ಜರ್ಮನ್‌ನಲ್ಲಿ 'ಯಾಕೆಂದರೆ' ಅಂತ ವಾಕ್ಯ ಶುರು ಮಾಡಿದರೆ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷ್ ತಲೆಯವರು ಇದಕ್ಕೆ ಒದ್ದಾಡುತ್ತಾರೆ. ನಮಗೆ ಕ್ರಿಯಾಪದ ಕೊನೆಗೆ ಇರುವುದೇ ಮನೆಯ ರೂಢಿ.

ಮಾರ್ಕ್ಸಿನ ವಿಷಯವೂ ಹೇಳಿಬಿಡುತ್ತೇನೆ. ಕಾರ್ಲ್ ಅಲ್ಲ, ಪರೀಕ್ಷೆಯದ್ದು. ಅಲ್ಲಿ 1.0 ಅಂದರೆ ಎಲ್ಲಕ್ಕಿಂತ ಮೇಲೆ, 4.0 ಬರೀ ಪಾಸು, 5.0 ಫೇಲು. ನನಗೆ ಒಂದು ಪೇಪರಿನಲ್ಲಿ 1.7 ಬಂತು. ಅವ್ವ ಖುಷಿಯಿಂದ ಪಕ್ಕದ ಮನೆಯ ಅತ್ತೆಗೆ ಹೇಳಿದಳು. "ಎಷ್ಟಕ್ಕೆ?" "ಐದಕ್ಕಂತೆ." ಅತ್ತೆ ಲೊಚಗುಟ್ಟಿ, "ಇರ್ಲಿ ಬಿಡವ್ವಾ, ಮುಂದಿನ ಸಲ ಜಾಸ್ತಿ ತಗೀತಾನ" ಅಂತ ಸಮಾಧಾನ ಮಾಡಿ ಹೋದರು.

ಈ ಹೊಂದಿಕೊಳ್ಳುವ ಕಷ್ಟದ ಬಗ್ಗೆ ಪಂಡಿತರು ಬರೆದಿದ್ದಾರೆ. ನಾರ್ವೆಯ ಲಿಸ್‌ಗೋರ್ ಎಂಬವರು 1955ರಲ್ಲಿ, ಅಮೆರಿಕಕ್ಕೆ ಹೋಗಿಬಂದ ತಮ್ಮ ದೇಶದವರನ್ನು ವಿಚಾರಿಸಿ, ಮನಸ್ಸಿನ ಗೆರೆ ಇಂಗ್ಲಿಷಿನ ಯು ಅಕ್ಷರದ ಹಾಗಿರುತ್ತದೆ ಅಂದರು. ಮೊದಲು ಖುಷಿ, ನಡುವೆ ಕುಸಿತ, ಆಮೇಲೆ ಚೇತರಿಕೆ. 'ಕಲ್ಚರ್ ಶಾಕ್' ಅನ್ನೋ ಮಾತನ್ನು ಮಾನವಶಾಸ್ತ್ರಜ್ಞ ಒಬೆರ್ಗ್ 1960ರ ಲೇಖನದಿಂದ ಎಲ್ಲರ ಬಾಯಿಗೆ ತಂದರು. 1963ರಲ್ಲಿ ಗಲಹಾರ್ನ್ ದಂಪತಿ, ಊರಿಗೆ ವಾಪಸ್ ಬಂದಾಗ ಇನ್ನೊಂದು ಸಲ ಕುಸಿಯುತ್ತದೆ, ಹಾಗಾಗಿ ಗೆರೆ ಡಬ್ಲ್ಯೂ ಅಂದರು. ನನ್ನ ಗೆರೆ ಯಾವ ಅಕ್ಷರವೂ ಆಗಿರಲಿಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿದ್ದೀರಲ್ಲ, ಒಂದು ಬಾಗಿಲು ದಾಟಿ ಮುಗೀತು ಅಂದುಕೊಂಡರೆ ತಿರುವಿನಲ್ಲಿ ಇನ್ನೊಂದು ಬಾಗಿಲು. ಅದು ನನಗೆ ಸರಿ ಹೊಂದುತ್ತದೆ. ಆದರೆ ಗಲಹಾರ್ನ್ ದಂಪತಿ ಹೇಳಿದ ವಾಪಸ್ ಬರುವ ಕಷ್ಟ ಮಾತ್ರ ನಿಜ.

ನಾನು 2025ರಲ್ಲಿ ವಾಪಸ್ ಬಂದೆ. ಅಲ್ಲಿ ಓದು ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳು ಕಾಲ ಕೊಡುತ್ತಾರೆ. ನಾನು ಏಳು ತಿಂಗಳು ಹುಡುಕಿದೆ. ನನ್ನ ಜರ್ಮನ್ ಬಿ1 ಅನ್ನೋ ನಡುವಿನ ಮಟ್ಟಕ್ಕೆ ನಿಂತಿತ್ತು. ಕೇಳುತ್ತಿದ್ದುದು ಅದಕ್ಕಿಂತ ಮೇಲಿನದು. ತೆಲುಗು ಅಷ್ಟು ಚೆನ್ನಾಗಿ ಕಲಿಯಬಾರದಿತ್ತು. ಈಗ ಬೆಂಗಳೂರಿನಲ್ಲಿ, ಪೀಣ್ಯದಲ್ಲಿ ಕೆಲಸ. ಸಂಬಳದಲ್ಲಿ ಒಂದು ಪಾಲು ಸಾಲದ ಕಂತಿಗೆ ಹೋಗುತ್ತದೆ. "ಸೋತು ಬಂದ್ಯಾ?" ಅಂತ ಮದುವೆಮನೆಯಲ್ಲಿ ಒಬ್ಬರು ನೇರವಾಗಿಯೇ ಕೇಳಿದರು. ನೇರವಾಗಿ ಕೇಳಿದ್ದು ಹಿಡಿಸಿತು, ನಿಜ ಹೇಳಬೇಕೆಂದರೆ.

ಬಂದ ಮೊದಲ ವಾರ ಸೋದರತ್ತೆ ಮನೆಗೆ ಊಟಕ್ಕೆ ಹೋಗಿದ್ದೆ. ಹೊಟ್ಟೆ ತುಂಬಿತು. "ಬೇಡ ಅತ್ತೆ" ಅಂದೆ. ರೊಟ್ಟಿ ಬಿತ್ತು. "ನಿಜವಾಗಲೂ ಬೇಡ." ಪಲ್ಯ ಬಿತ್ತು. ಎಲೆಗೆ ಕೈ ಅಡ್ಡ ಹಿಡಿದರೆ ಕೈ ಮೇಲೆ ಸಾರು. ಕಣ್ಣಲ್ಲಿ ನೀರು ಬಂತು. ಸಾರು ಬಿಸಿ ಇತ್ತು.

ಮನೆಯಲ್ಲಿ ಅಜ್ಜ ಈಗ ಹಾಸಿಗೆ ಬಿಟ್ಟು ಜಾಸ್ತಿ ಏಳುವುದಿಲ್ಲ. ನಾನು ಫೋನಿನಲ್ಲಿ ಫೋಟೋಗಳನ್ನು ತೋರಿಸುತ್ತಿದ್ದೆ. ಲೈಬ್ರರಿ, ದೀಪದ ಕಿಟಕಿ, ಕೆಳಗಿನ ಮನೆಯ ಅಜ್ಜಿ. "ಈಕೀನೂ ನಿನ್ನಂಗ ನೂಲಿನ ಫ್ಯಾಕ್ಟರಿಯಲ್ಲಿ ಇದ್ದಾಕಿ ಅಜ್ಜ. 1991ರಾಗ ಬಾಗಿಲು ಹಾಕಿದ್ರಂತ" ಅಂದೆ. ಅದನ್ನು ಅವರು ಒಂದು ಭಾನುವಾರ ಕಾಫಿ ಕುಡಿಯುವಾಗ ಹೇಳಿದ್ದರು. ನಾನು "ಓಹೋ" ಅಂದು ಕೇಕಿಗೆ ಕೈ ಚಾಚಿದ್ದೆ. ಅಷ್ಟು ಹೊತ್ತಿಗೆ ಕೇಕ್ ತೆಗೆದುಕೊಳ್ಳುವುದು ಕಲಿತಿದ್ದೆ.

ಅಜ್ಜ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಬಾಕಿ ಕೊಟ್ರಂತೇನು?"

"ಏನು ಬಾಕಿ ಅಜ್ಜ?"

"ಮಿಲ್ ಮುಚ್ಚಿದ ಮ್ಯಾಲೆ. ಆಕಿಗೆ ಬರಬೇಕಾಗಿದ್ದು. ಪೂರ್ತಿ ಕೊಟ್ರೋ, ಇಲ್ಲ ನಮ್ಮಂಗ ಓಡಾಡಿಸಿದ್ರೋ?"

ಒಂದೂವರೆ ವರ್ಷ ಅವರ ಮೇಲಿನ ಮಹಡಿಯಲ್ಲಿದ್ದೆ. ಹಳದಿ ಡಬ್ಬದಿಂದ ಹಿಡಿದು ವ್ಯಾಕರಣದವರೆಗೆ ಎಲ್ಲ ಕೇಳಿದ್ದೆ. ಇದನ್ನು ಕೇಳಿರಲಿಲ್ಲ.

ಹೋದ ತಿಂಗಳು ಅಜ್ಜಿಗೆ ಕಾಗದ ಬರೆದು ಹಾಕಿದೆ. ಅವರು ಮೇಲ್ ನೋಡುವುದಿಲ್ಲ. ಉತ್ತರ ಇನ್ನೂ ಬಂದಿಲ್ಲ. ಅಜ್ಜ ಪ್ರತಿ ಭಾನುವಾರ ಫೋನ್ ಮಾಡಿಸಿ ಕೇಳುತ್ತಾರೆ, "ಊಟ ಆತಾ" ಅಂತ, ಆಮೇಲೆ "ಆಕೀದು ಕಾಗದ ಬಂತಾ" ಅಂತ.